ಎಡಗೈಗೊಂದು ಗುಂಡಿ

ಬ್ರೂಸ್‌ಪೇಟೆಯ ಸಂದಿಯಲ್ಲಿ, ಬೆಳ್ಳಿ ಅಂಗಡಿಗೂ
ಬ್ಯಾಂಡ್‌ಸೆಟ್ಟಿನವರ ಬೋರ್ಡಿಗೂ ನಡುವೆ
ಮಸ್ತಾನ್ ಸಾಬರ ಗನ್ ಹೌಸು.
ಮೂರು ಮೆಟ್ಟಿಲು, ಒಂದು ಜಾಲರಿ ಬಾಗಿಲು.
ಒಳಗೆ ಎಣ್ಣೆಯ ವಾಸನೆ. ನನ್ನ ಬಂಕಿನದಲ್ಲ,
ಹೊಲಿಗೆ ಮಿಷನ್ನಿಗೆ ಬಿಡುತ್ತಾರಲ್ಲ, ಆ ಥರದ್ದು.

ಲೈಸೆನ್ಸು ಬಂದು ಹನ್ನೊಂದು ದಿನ.
ಅದಕ್ಕೂ ಮುಂಚೆ ಹದಿನಾಲ್ಕು ತಿಂಗಳು
ಕುಡತಿನಿ ಠಾಣೆ, ಡೀಸಿ ಆಫೀಸು, ಮತ್ತೆ ಠಾಣೆ.
'ನಿಮಗ್ಯಾಕಮ್ಮಾ ಪಿಸ್ತೂಲು?' ಅಂದ ದಫೇದಾರನಿಗೆ
ಬಂಕಿನ ಹಿಂದಿನ ಗೋಡೆ ತೋರಿಸಿದ್ದೆ:
ಗಲ್ಲಾಪೆಟ್ಟಿಗೆ ಕಿತ್ತ ಜಾಗ, ನಾಲ್ಕು ತೂತು,
ತೂತಿನೊಳಗೂ ಅದಿರಿನ ಕೆಂಪು ಧೂಳು.

ಸಾಬರು ಹಸಿರು ಬಟ್ಟೆ ಹಾಸಿದರು.
'ಇದಕ್ಕೆ ಹಿಂದೆ ಕುದುರೆ ಇದೆ ನೋಡಿ, ಇದಕ್ಕಿಲ್ಲ.
ಸ್ಟ್ರೈಕರ್ ಅಂತಾರೆ. ಒಳಗೇ ಒಂದು ಸೂಜಿ,
ಅರ್ಧ ಎಳೆದುಕೊಂಡು ಕೂತಿರುತ್ತೆ,
ಉಳಿದರ್ಧ ನಿಮ್ಮ ಬೆರಳು ಎಳೆಯುತ್ತೆ.
ಹೊಸಬರಿಗೆ ಇದೇ ಸರಿ. ಮೊದಲ ಗುಂಡಿಗೂ
ಹತ್ತನೇ ಗುಂಡಿಗೂ ಒಂದೇ ಭಾರ.'

ಬಲಗೈ ಚಾಚಿದೆ,
ತೀರ್ಥಕ್ಕೆ ಚಾಚುವ ಹಾಗೆ, ಚಿಲ್ಲರೆಗೆ ಚಾಚುವ ಹಾಗೆ.
ಪರರ ಕೂಸಿನಂತೆ ಅದು ಕೈಯಲ್ಲಿ ಮಿಸುಕಿತು,
ಮೂತಿ ಬಾಗಿಲ ಕಡೆ ತಿರುಗಿತು.
ಸಾಬರು ಎರಡೇ ಬೆರಳಲ್ಲಿ ಅದನ್ನು ತಿರುಗಿಸಿ
'ಖಾಲಿ ಇದ್ದರೂ ಗೋಡೆ ಕಡೆ' ಎಂದರು. ಆಮೇಲೆ ಮೆಲ್ಲಗೆ,
'ಅಕ್ಕಾ, ನೀವು ರೊಡ್ಡೀನಾ?
ಚಾ ಲೋಟ ಯಾವ ಕೈಗೆ ಹೋಯ್ತು, ನಾ ನೋಡಿದೆ.'

ಐವತ್ಮೂರು ವರ್ಷದಲ್ಲಿ ಆ ಮಾತು
ಬೈಗುಳವಾಗದೆ ಕಿವಿಗೆ ಬಿದ್ದದ್ದು ಇದೇ ಮೊದಲು.
ಅವ್ವ ಉಣ್ಣುವಾಗ ನನ್ನ ಎಡಗೈಯನ್ನು
ಹಳೇ ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು.
ಅದೇ ಅವ್ವ, ಓದು ಬಾರದವಳು,
ಸೊಸೈಟಿಯಲ್ಲಿ, ತಾಲೂಕು ಕಚೇರಿಯಲ್ಲಿ
ಜೀವಮಾನವಿಡೀ ಒತ್ತಿದ್ದು ಎಡಗೈ ಹೆಬ್ಬೆಟ್ಟು.
ಸರ್ಕಾರ ಕೇಳುತ್ತಿದ್ದುದೇ ಅದನ್ನ.

ಕೈ ಬದಲಿಸಿದೆ. ಕೂತಿತು.
ಆದರೆ ಮ್ಯಾಗಜೀನ್ ಬಿಡುವ ಗುಂಡಿ
ಬಲಗೈಯವರ ಹೆಬ್ಬೆರಳು ಸಿಗುವ ಕಡೆ ಇತ್ತು.
ನನ್ನ ಹೆಬ್ಬೆರಳು ಬರಿಯ ಮಗ್ಗುಲಲ್ಲಿ
ಕತ್ತಲಲ್ಲಿ ಸ್ವಿಚ್ಚು ಹುಡುಕುವಂತೆ ತಡಕಿತು.
ಸಾಬರು ಇಸಕೊಂಡು, ಕಡ್ಡಿಯಂಥದೇನನ್ನೋ ಚುಚ್ಚಿ
ಒಂದು ಸ್ಪ್ರಿಂಗು ಹೊರಗೆಳೆದು, ಗುಂಡಿಯನ್ನು
ಆಚೆಯಿಂದ ಈಚೆಗೆ ತೂರಿಸಿದರು.
ನನ್ನ ಚಹಾದ ಮೇಲೆ ಇನ್ನೂ ಕೆನೆ ಕಟ್ಟಿರಲಿಲ್ಲ.
'ಇಷ್ಟೇನಾ?'
'ಇಷ್ಟೇ.'

ಕುಡುಗೋಲಿನ ಹಲ್ಲು ನೆನಪಾಯಿತು,
ಕತ್ತರಿ, ಶಾಲೆಯಲ್ಲಿ ಮೇಷ್ಟ್ರ ರೂಲುದೊಣ್ಣೆ.
ಇಷ್ಟು ವರ್ಷ ನನಗಾಗಿ ಯಾರೂ
ಒಂದು ತಿರುಪು ಬಿಚ್ಚಿರಲಿಲ್ಲ.

'ಪೂರ್ತಿ ನಿಮ್ಮದಲ್ಲ ಅಕ್ಕಾ, ಸುಳ್ಳು ಯಾಕೆ?
ಸುಟ್ಟ ಚಿಪ್ಪು ಬಲಕ್ಕೇ ಹಾರುತ್ತೆ, ಮುಖದ ಮುಂದಿಂದಲೇ.
ಕನ್ನಡಕ ಹಾಕ್ಕೊಳ್ಳಿ, ಕುಪ್ಪಸದ ಕೊರಳು ಮುಚ್ಚಿಕೊಳ್ಳಿ.
ಅದನ್ನ ತಿರುಗಿಸೋಕೆ ನನಗೆ ಬರೋದಿಲ್ಲ.'

ರಿಜಿಸ್ಟರಿನಲ್ಲಿ ಹುರುಪಿಗೆ ಎಡಗೈಯಲ್ಲೇ ಸಹಿ ಮಾಡಿದೆ.
ಪಂಪಾವತಿ. ನಾಲ್ಕನೇ ಕ್ಲಾಸಿನ ಹುಡುಗಿಯ ಅಕ್ಷರ.
ಸಾಬರು ಲೈಸೆನ್ಸಿನ ಪಕ್ಕ ಹಿಡಿದು ತಲೆಯಾಡಿಸಿದರು,
'ಕೂಡಲ್ಲ.'
ಒಂದು ಗೆರೆ ಎಳೆದರು. ಕೆಳಗೆ ಬಲಗೈ ಬರೆಯಿತು,
ಅವ್ವ ಕಲಿಸಿದ ಹಾಗೆ, ದುಂಡಗೆ.

ಸೊಂಟಕ್ಕೆ ಸಿಕ್ಕಿಸುವ ಚೀಲ, ಎಡದ್ದು, ಅಂಗಡಿಯಲ್ಲಿರಲಿಲ್ಲ.
ಕೌಲ್‌ಬಜಾರಿನ ಹುಲುಗಪ್ಪ ಮಾಡಿಕೊಡುತ್ತಾನಂತೆ.
ರಟ್ಟಿನಲ್ಲಿ ಕತ್ತರಿಸಿದ ಆಕಾರವನ್ನು ಅವನು
ಚರ್ಮದ ಮೇಲಿಟ್ಟ, ಮಗುಚಿದ, ಮತ್ತೆ ಇಟ್ಟ.
'ನಾವೂ ಎಡಗೈಯವರೇ ಅಕ್ಕಾ,
ಹೊಲಿಯೋದು ಮಾತ್ರ ಬಲಗೈಲಿ.'

ನಗಬೇಕೋ ಬೇಡವೋ ತಿಳಿಯಲಿಲ್ಲ.
ಮುಂಗಡ ಇನ್ನೂರು ಚಾಚಿದೆ, ನೋಡಿದರೆ ಎಡಗೈ.
ತಪ್ಪಾಯಿತೆಂದು ಬದಲಿಸುವಷ್ಟರಲ್ಲಿ
ಅವನು ಇಸಕೊಂಡಾಗಿತ್ತು,
ತೊಡೆಯ ಕೆಳಗಿಟ್ಟು ಬಾಯಲ್ಲಿ ದಾರ ಕಡಿಯುತ್ತಿದ್ದ.
'ಗುರುವಾರ ಬರ್ರಿ.'